ಕೆಳಗೆ ನೋಡುವ ಕ್ಯಾಮೆರಾ, ಬೀಳದ ಟ್ರೈಪಾಡ್

ನಮ್ಮ ಕನ್ನಡ ಸಂಘದ ಹಳೇ ಕೈಬರಹದ ಪತ್ರಿಕೆಯೊಂದು ಲೈಬ್ರರಿಯ ಬೀರುವಿನಲ್ಲಿದೆ ಅಂತ ಈ ಸೆಮ್ ಶುರುವಿನಲ್ಲಿ ಗೊತ್ತಾಯ್ತು. ನಮ್ಮ ಸೀನಿಯರ್‌ಗಳ ಸೀನಿಯರ್‌ಗಳು ಇಂಕ್ ಪೆನ್ನಲ್ಲಿ ಬರೆದು, ಚಿತ್ರ ಬಿಡಿಸಿ, ದಾರದಲ್ಲಿ ಹೊಲಿದ 64 ಪುಟ. ಇರೋದು ಒಂದೇ ಪ್ರತಿ. ಕಾಗದ ಹಪ್ಪಳದ ಹಾಗಾಗಿದೆ. ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತಿದರೆ ಹೊಲಿಗೆ ಬಿಟ್ಟುಹೋಗುತ್ತೆ. "ಫೋಟೋ ಬೇಕಾದ್ರೆ ತಗೊಳ್ರಪ್ಪಾ, ಆದ್ರೆ ಹುಷಾರು" ಅಂದ್ರು ಲೈಬ್ರರಿ ಮೇಡಂ.

ಮೊದಲು ಮೊಬೈಲ್ ಕೈಯಲ್ಲಿ ಹಿಡಿದು ತೆಗೆದೆವು. ಪುಟದ ಮೇಲೆಲ್ಲ ನಮ್ಮದೇ ನೆರಳು. ಫೋನ್ ಸ್ವಲ್ಪ ಓರೆಯಾದ್ರೂ ಪುಟ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಸರಿ, ಗೆಳೆಯನ ಕ್ಯಾಮೆರಾ, 1.3 ಕೆಜಿಯ ಅಗ್ಗದ ಟ್ರೈಪಾಡ್, ಅದರ ತಲೆಗೆ ಸಿಕ್ಕಿಸುವ ಒಂದು ಅಡ್ಡ ರಾಡ್ ತಂದೆವು. ಅಡ್ಡ ರಾಡ್ ಯಾಕೆ ಅಂದ್ರೆ, ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ನೇರ ಕೆಳಕ್ಕೆ ಬಗ್ಗಿಸಿದ್ರೆ ಫ್ರೇಮಿನೊಳಗೆ ಅದರ ಕಾಲೇ ಬರುತ್ತೆ.

ರಾಡನ್ನು ಎರಡು ಕಾಲುಗಳ ನಡುವಿನ ಖಾಲಿ ಜಾಗದತ್ತ ಚಾಚಿದೆವು, ನೋಡೋಕೆ ಅದೇ ಸರಿ ಅನ್ನಿಸ್ತು. ಕೈ ಬಿಟ್ಟ ತಕ್ಷಣ ಇಡೀ ಸೆಟಪ್ ಮುಂದಕ್ಕೆ ವಾಲಿತು. ಕ್ಯಾಮೆರಾ ಕೈಗೆ ಸಿಕ್ತು. ಆದರೆ ಹಿಡಿಯೋ ಗಡಿಬಿಡಿಯಲ್ಲಿ ಮೊಣಕೈ ತಾಗಿ 11ನೇ ಪುಟದ ಮೂಲೆ ಮುರಿದುಬಂತು. ಮೇಡಂ ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈದಿದ್ರೇ ಚೆನ್ನಾಗಿತ್ತು.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದೆವು. ಮೆಕ್ಯಾನಿಕ್ಸ್‌ನಲ್ಲಿ ಕಲಿತ ಮೊಮೆಂಟ್, ಅಷ್ಟೇ. ನಮ್ಮ ಟ್ರೈಪಾಡಿನ ಪಾದಗಳು ನಡುವಿನಿಂದ 40 ಸೆಂ.ಮೀ. ದೂರ. ಮೂರು ಪಾದ ಸೇರಿಸಿದರೆ ಸಮಬಾಹು ತ್ರಿಕೋನ. ಅದರ ನಡುವಿನಿಂದ ಮೂಲೆಗೆ 40, ಆದರೆ ಬಾಹುವಿಗೆ ಬರೀ 20! ಕ್ಯಾಮೆರಾ 1 ಕೆಜಿ, ನಡುವಿನಿಂದ 50 ಸೆಂ.ಮೀ. ಆಚೆ ಇತ್ತು. ಅಂದರೆ ಬಾಹುವಿನಿಂದ 30 ಸೆಂ.ಮೀ. ಹೊರಗೆ. ಬೀಳಿಸೋ ಮೊಮೆಂಟ್ 30, ತಡೆಯೋದು 1.3 × 20 = 26. ಬೀಳದೆ ಇನ್ನೇನು? ಅದೇ ರಾಡನ್ನು ಒಂದು ಕಾಲಿನ ನೇರಕ್ಕೆ ತಿರುಗಿಸಿದರೆ ಬೀಳಿಸೋದು 10, ತಡೆಯೋದು 52. ಒಂದು ಪೈಸೆ ಖರ್ಚಿಲ್ಲ.

ಹಾಗಾದ್ರೆ ಆ ಕಾಲು ಫ್ರೇಮಿಗೆ ಬರಲ್ವಾ? ಬರಲ್ಲ, ಪುಸ್ತಕ ನೆಲದ ಮೇಲಿಲ್ಲದಿದ್ದರೆ. ಟೀಪಾಯಿ ಮೇಲೆ ಪುಸ್ತಕ ಇಟ್ಟು, ಆ ಕಾಲನ್ನು ಟೀಪಾಯಿ ಕೆಳಗೆ ತೂರಿಸಿದೆವು. ಧೈರ್ಯಕ್ಕೆ ರಾಡಿನ ಹಿಂತುದಿಗೆ ಒಂದು ಲೀಟರಿನ ನೀರಿನ ಬಾಟಲಿ ಕಟ್ಟಿದೆವು. ಹೊಸದಾಗಿ ಕೊಳ್ಳೋರು ಎತ್ತರಕ್ಕಿಂತ ಕಾಲುಗಳ ಗಟ್ಟಿತನ ನೋಡಿ. ನಡುಕಂಬವನ್ನೇ ಅಡ್ಡ ಮಲಗಿಸಬಹುದಾದ ಟ್ರೈಪಾಡ್ ಸಿಕ್ಕರೆ ಇನ್ನೂ ಒಳ್ಳೇದು. ಬಳುಕುವ ಕತ್ತಿನ ಮೊಬೈಲ್ ಸ್ಟ್ಯಾಂಡ್ ಮಾತ್ರ ಬೇಡ, ಮುಟ್ಟಿದರೆ ಅರ್ಧ ನಿಮಿಷ ತೂಗುತ್ತೆ.

ಕ್ಯಾಮೆರಾ ಪುಟಕ್ಕೆ ಸಮಾನಾಂತರ ಇದೆಯಾ ಅಂತ ನೋಡೋಕೆ ಬಬಲ್ ಲೆವೆಲ್ ಸಾಲದು, ಟೀಪಾಯಿಯೇ ಓರೆ ಇದ್ದರೆ? ಪುಟ ಇಡೋ ಜಾಗದಲ್ಲಿ ಒಂದು ಚಪ್ಪಟೆ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೇರ ಇದೆ ಅಂತ ಅರ್ಥ. ನಮ್ಮದು ಎರಡು ಬೆರಳು ಪಕ್ಕಕ್ಕಿತ್ತು. (ಕನ್ನಡಿ ಕೊಟ್ಟದ್ದು ಲೇಡೀಸ್ ಹಾಸ್ಟೆಲ್, ಥ್ಯಾಂಕ್ಸ್.)

ಲೆನ್ಸ್ 18-55ರ ಕಿಟ್ ಲೆನ್ಸೇ ಸಾಕು, 50ರ ಹತ್ತಿರ ಇಡಿ. ಆಗ ಒಂದು ಎ4 ಪುಟಕ್ಕೆ ಸುಮಾರು 80 ಸೆಂ.ಮೀ. ಎತ್ತರ ಬೇಕು. 18ರಲ್ಲಿ ತುಂಬಾ ಹತ್ತಿರ ಹೋಗಬೇಕಾಗಿ ಅಂಚುಗಳು ಬಾಗುತ್ತವೆ, ಕ್ಯಾಮೆರಾದ ನೆರಳೂ ಬೀಳುತ್ತೆ. ಕೆಳಮುಖ ಮಾಡಿದಾಗ ಕೆಲವು ಜೂಮ್ ಲೆನ್ಸ್ ತಾನೇ ಜಾರುತ್ತೆ, ಒಂದು ತುಂಡು ಟೇಪ್ ಅಂಟಿಸಿ. ಎಫ್/8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್. ಫ್ಲ್ಯಾಶ್ ಬೇಡ, ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಸ್ಟಡಿ ಲ್ಯಾಂಪ್ ಇಟ್ಟರೆ ಇಂಕ್ ಮಿಂಚಲ್ಲ.

ಮರುದಿನ ಒಬ್ಬರು ಪುಟ ತಿರುಗಿಸಿ, ಒಬ್ಬರು ಬಟನ್ ಒತ್ತಿ, ಇನ್ನೊಬ್ಬರು ಸುಮ್ಮನೆ ಟ್ರೈಪಾಡ್ ಕಾಯುತ್ತಾ 64 ಪುಟವನ್ನೂ ತೆಗೆದೆವು. 11ನೇ ಪುಟಕ್ಕೆ ಮೇಡಂ ತಾವೇ ಬಂದು, ಕವರಿನಲ್ಲಿ ಎತ್ತಿಟ್ಟಿದ್ದ ಆ ಮೂಲೆಯನ್ನು ಅದರ ಜಾಗದಲ್ಲಿ ಜೋಡಿಸಿ, "ಈಗ ತೆಗೀರಿ" ಅಂದ್ರು.