ಜಂಕ್ ಫೋಲ್ಡರ್ ತೆರೆದರೆ ವೈರಸ್ ಬರುತ್ತದೆಯೇ? ಕಂಪ್ಯೂಟರ್‌ನ ಮೇಲ್ ಸೆಟ್ಟಿಂಗ್ ಹೀಗೆ ಸರಿಪಡಿಸಿಕೊಳ್ಳಿ

‘ಜಂಕ್ ಫೋಲ್ಡರ್ ತೆರೆಯಬೇಡಿ, ತೆರೆದರೆ ವೈರಸ್ ಬರುತ್ತದೆ, ನೋಡದೆಯೇ ಡಿಲೀಟ್ ಮಾಡಿ.’ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುವ ಎಚ್ಚರಿಕೆಗಳಲ್ಲಿ ಈ ಬಗೆಯ ಮಾತು ಸಾಮಾನ್ಯ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಇದನ್ನು ಹಾಗೆಯೇ ಪಾಲಿಸಿದರೆ ಮಣಿಪಾಲದಲ್ಲಿ ಸೀಟಿಗೆ ಅರ್ಜಿ ಹಾಕಿದ ವಿದ್ಯಾರ್ಥಿಯ ಪ್ರವೇಶ ಪತ್ರ, ಕಾರ್ಕಳದ ಗೇರುಬೀಜ ಕಾರ್ಖಾನೆಯ ತೆರಿಗೆ ನೋಟಿಸು, ಉಡುಪಿಯ ಹಿರಿಯರಿಗೆ ಬ್ಯಾಂಕ್ ಕಳಿಸಿದ ಸೂಚನೆ ಕಣ್ಣಿಗೆ ಬೀಳುವ ಮೊದಲೇ ಕಸದ ಬುಟ್ಟಿ ಸೇರಬಹುದು.

ವಾಸ್ತವವೇನು?

ಜಂಕ್ ಫೋಲ್ಡರ್ ತೆರೆದು ಅಲ್ಲಿರುವ ಮೇಲ್‌ಗಳ ಪಟ್ಟಿ ನೋಡಿದ ಮಾತ್ರಕ್ಕೆ ವೈರಸ್ ಬರುವುದಿಲ್ಲ. ಅಪಾಯ ಇರುವುದು ಲಿಂಕ್ ಒತ್ತುವುದರಲ್ಲಿ, ಅಟ್ಯಾಚ್‌ಮೆಂಟ್ ತೆರೆಯುವುದರಲ್ಲಿ, ಪಾಸ್‌ವರ್ಡ್ ಅಥವಾ ಒಟಿಪಿ ಕೊಡುವುದರಲ್ಲಿ. ಹಳೆಯ ಮಾದರಿಯ ಔಟ್‌ಲುಕ್ ತಂತ್ರಾಂಶವು ಜಂಕ್ ಫೋಲ್ಡರ್‌ಗೆ ಹೋದ ಮೇಲ್ ಅನ್ನು ಬರೀ ಅಕ್ಷರಗಳಾಗಿ ತೋರಿಸುತ್ತದೆ, ಲಿಂಕ್‌ಗಳು ಕೆಲಸ ಮಾಡದಂತೆ ತಡೆಯುತ್ತದೆ. ಅಂದರೆ ಅನುಮಾನದ ಮೇಲ್ ಇನ್‌ಬಾಕ್ಸ್‌ನಲ್ಲಿ ಇರುವುದಕ್ಕಿಂತ ಜಂಕ್‌ನಲ್ಲಿ ಇರುವುದೇ ಕ್ಷೇಮ.

ನಮ್ಮೂರಿನದೇ ಉದಾಹರಣೆ

1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಮತ್ತು 1925ರಲ್ಲಿ ಉಡುಪಿಯಲ್ಲೇ ಹುಟ್ಟಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕ್, ಎರಡೂ 2020ರ ಏಪ್ರಿಲ್ 1ರಂದು ವಿಲೀನಗೊಂಡವು. ಮೊದಲನೆಯದು ಯೂನಿಯನ್ ಬ್ಯಾಂಕ್‌ಗೆ, ಎರಡನೆಯದು ಕೆನರಾ ಬ್ಯಾಂಕ್‌ಗೆ ಸೇರಿತು. ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳ ಜಾಗದಲ್ಲಿ 2021ರ ಜುಲೈ 1ರಿಂದ ಹೊಸವು ಬಂದವು.

ಈಗ ಯೋಚಿಸಿ. ‘ನಿಮ್ಮ ಬ್ಯಾಂಕಿನ ಹೆಸರು ಬದಲಾಗಿದೆ, ಕೋಡ್ ಬದಲಾಗಿದೆ, ಕೂಡಲೇ ಗಮನಿಸಿ’ ಎಂಬುದು ಆಗ ನಿಜವಾದ ಸೂಚನೆ. ವಂಚಕರು ಕಳಿಸುವ ಮೇಲ್‌ನಲ್ಲಿ ಇರುವುದೂ ಇವೇ ಪದಗಳು! ಪದಗಳನ್ನು ನೋಡಿ ತೀರ್ಮಾನಿಸುವ ಫಿಲ್ಟರ್‌ಗೆ ಇವೆರಡರ ನಡುವಿನ ವ್ಯತ್ಯಾಸ ಸುಲಭಕ್ಕೆ ತಿಳಿಯುವುದಿಲ್ಲ. ಅದು ಎರಡೂ ಬಗೆಯ ತಪ್ಪು ಮಾಡಬಹುದು: ಒಳ್ಳೆಯದನ್ನು ಜಂಕ್‌ಗೆ ಹಾಕಬಹುದು, ಮೋಸದ್ದನ್ನು ಇನ್‌ಬಾಕ್ಸ್‌ಗೆ ಬಿಡಬಹುದು.

ಫಿಲ್ಟರ್ ಕಲಿಯುವುದು ಹೇಗೆ?

1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನವೊಂದು ಸ್ಪ್ಯಾಮ್ ತಡೆಯುವ ಒಂದು ವಿಧಾನವನ್ನು ಜನಪ್ರಿಯಗೊಳಿಸಿತು: ಒಂದು ಪದ ನಿಮ್ಮ ಜಂಕ್ ಮೇಲ್‌ಗಳಲ್ಲಿ ಎಷ್ಟು ಸಲ ಬರುತ್ತದೆ, ಒಳ್ಳೆಯ ಮೇಲ್‌ಗಳಲ್ಲಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕಿ ಸಂಭವನೀಯತೆ ಕಂಡುಹಿಡಿಯುವುದು. ಇದರ ಹಿಂದಿರುವುದು 18ನೇ ಶತಮಾನದ ಥಾಮಸ್ ಬೇಯ್ಸ್ ಅವರ ಗಣಿತ.

‘ರೀಫಂಡ್’ ಎಂಬ ಪದ ಕಾಲೇಜು ವಿದ್ಯಾರ್ಥಿಗೆ ಬಂದರೆ ಅನುಮಾನ ಪಡಬೇಕಾದದ್ದು. ಅದೇ ಪದ ಕಾರ್ಕಳದ ಆಡಿಟರ್ ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಬರುವಂಥದ್ದು. ಹಾಗಾಗಿ ನಿಮಗೆ ಯಾವುದು ಒಳ್ಳೆಯದು ಎಂದು ನೀವೇ ಕಲಿಸಬೇಕು.

ಎರಡು ಗೇಟುಗಳಿವೆ, ನೆನಪಿಡಿ

ಮೇಲ್ ನಿಮ್ಮ ಕಂಪ್ಯೂಟರ್‌ಗೆ ಬರುವ ಮೊದಲು ಜಿಮೇಲ್‌ನಂಥ ಸೇವೆಯ ಸರ್ವರ್‌ನಲ್ಲಿ ಒಮ್ಮೆ ಸೋಸಲ್ಪಡುತ್ತದೆ. ಕಂಪ್ಯೂಟರ್‌ನಲ್ಲಿರುವ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಇನ್ನೊಮ್ಮೆ ಸೋಸಬಹುದು. ನಿಮ್ಮ ಖಾತೆ ‘ಪಾಪ್’ ವಿಧಾನದಲ್ಲಿ ಜೋಡಣೆಯಾಗಿದ್ದರೆ ಸರ್ವರ್‌ನ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಸಿಕ್ಕಿಬಿದ್ದ ಮೇಲ್ ಕಂಪ್ಯೂಟರ್‌ನಲ್ಲಿ ಕಾಣುವುದೇ ಇಲ್ಲ. ಬ್ರೌಸರ್‌ನಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ನೋಡಬೇಕು. ‘ಐಮ್ಯಾಪ್’ ಆಗಿದ್ದರೆ ಆ ಫೋಲ್ಡರ್ ಕೂಡ ಕಂಪ್ಯೂಟರ್‌ನಲ್ಲಿ ಸಿಗುತ್ತದೆ.

ಜಿಮೇಲ್ ತನ್ನ ಸ್ಪ್ಯಾಮ್ ಫೋಲ್ಡರ್‌ನ ಮೇಲ್‌ಗಳನ್ನು 30 ದಿನಗಳ ಬಳಿಕ ತಾನಾಗಿಯೇ ಅಳಿಸುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವ್ಯತ್ಯಾಸ ಕಂಡು ಇಲಾಖೆ ಹೊಂದಾಣಿಕೆ ಪ್ರಸ್ತಾಪಿಸಿದಾಗ ಉತ್ತರಿಸಲು ಸಿಗುವ ಅವಧಿಯೂ 30 ದಿನ. ಮೇಲ್ ಅಳಿಸಿಹೋಗುವ ಹೊತ್ತಿಗೆ ಗಡುವೂ ಮುಗಿದಿರುತ್ತದೆ.

ಔಟ್‌ಲುಕ್‌ನಲ್ಲಿ ಹೀಗೆ ಮಾಡಿ

ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಹೋಮ್ ಟ್ಯಾಬ್‌ನ ‘ಜಂಕ್’ ಗುಂಡಿ ಒತ್ತಿ ‘ಜಂಕ್ ಇಮೇಲ್ ಆಪ್ಷನ್ಸ್’ಗೆ ಹೋಗಿ.

• ಅಲ್ಲಿ ನಾಲ್ಕು ಹಂತಗಳಿವೆ: ನೋ ಆಟೊಮ್ಯಾಟಿಕ್ ಫಿಲ್ಟರಿಂಗ್, ಲೋ, ಹೈ, ಸೇಫ್ ಲಿಸ್ಟ್ಸ್ ಓನ್ಲಿ. ಹೆಚ್ಚಿನವರಿಗೆ ‘ಲೋ’ ಸಾಕು. ಕೊನೆಯದನ್ನು ಆರಿಸಿದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದವರ ಮೇಲ್ ಎಲ್ಲವೂ ಜಂಕ್‌ಗೆ ಹೋಗುತ್ತದೆ. ಹೊಸ ವಿಳಾಸದಿಂದ ಪ್ರವೇಶ ಪತ್ರ ಅಥವಾ ಸಂದರ್ಶನದ ಕರೆ ಕಾಯುತ್ತಿರುವವರು ಅದನ್ನು ಮುಟ್ಟಬೇಡಿ.

• ಜಂಕ್ ಎಂದು ಅನುಮಾನಿಸಿದ್ದನ್ನು ಶಾಶ್ವತವಾಗಿ ಅಳಿಸುವ ಆಯ್ಕೆಗೆ ಟಿಕ್ ಹಾಕಿದ್ದರೆ ತೆಗೆಯಿರಿ. ಅದು ಇದ್ದರೆ ತಪ್ಪು ತಿದ್ದಿಕೊಳ್ಳಲು ಅವಕಾಶವೇ ಇರುವುದಿಲ್ಲ.

• ‘ಸೇಫ್ ಸೆಂಡರ್ಸ್’ ಪಟ್ಟಿಗೆ ನಿಮ್ಮ ಕಾಲೇಜು, ಆಡಿಟರ್ ವಿಳಾಸಗಳನ್ನು ಸೇರಿಸಿ. ‘ಜಿಮೇಲ್ ಡಾಟ್ ಕಾಮ್’ ಎಂದು ಇಡೀ ಡೊಮೇನ್ ಸೇರಿಸಬೇಡಿ. ವಂಚಕರಲ್ಲೂ ಜಿಮೇಲ್ ವಿಳಾಸವಿರುತ್ತದೆ.

• ‘ಇಂಟರ್‌ನ್ಯಾಷನಲ್’ ಟ್ಯಾಬ್‌ನಲ್ಲಿ ದೇಶಗಳ ಡೊಮೇನ್ ತಡೆಯುವ ಸೌಲಭ್ಯವಿದೆ. ಮಗ ದುಬೈಯಲ್ಲೋ ಕುವೈತ್‌ನಲ್ಲೋ ಇರುವ ಕಾಪುವಿನ ಮನೆಯವರು ಆ ದೇಶಗಳನ್ನು ತಡೆದರೆ ಅವನ ಕಂಪನಿಯ ಮೇಲ್ ಕೂಡ ಜಂಕ್‌ಗೆ ಹೋದೀತು!

• ಒಂದೊಂದೇ ವಿಳಾಸ ಬ್ಲಾಕ್ ಮಾಡುವುದರಿಂದ ಹೆಚ್ಚು ಲಾಭವಿಲ್ಲ. ಸ್ಪ್ಯಾಮ್ ಕಳಿಸುವವರು ವಿಳಾಸ ಬದಲಿಸುತ್ತಲೇ ಇರುತ್ತಾರೆ.

ಥಂಡರ್‌ಬರ್ಡ್‌ನಲ್ಲಿ ಹೀಗೆ ಮಾಡಿ

ಅಕೌಂಟ್ ಸೆಟ್ಟಿಂಗ್ಸ್‌ನ ‘ಜಂಕ್ ಸೆಟ್ಟಿಂಗ್ಸ್’ನಲ್ಲಿ ‘ಅಡಾಪ್ಟಿವ್ ಜಂಕ್ ಮೇಲ್ ಕಂಟ್ರೋಲ್ಸ್’ ಆನ್ ಇರಲಿ. ಇದೇ ನಿಮ್ಮಿಂದ ಕಲಿಯುವ ಫಿಲ್ಟರ್. ಅಡ್ರೆಸ್ ಬುಕ್‌ನಲ್ಲಿ ಇರುವವರ ಮೇಲ್ ಜಂಕ್ ಎಂದು ಗುರುತಾಗದಂತೆ ಟಿಕ್ ಹಾಕಿ. ಹೊಸ ಜಂಕ್ ಮೇಲ್ ಪ್ರತ್ಯೇಕ ಫೋಲ್ಡರ್‌ಗೆ ಹೋಗುವಂತೆ ಮಾಡಿ. ಇಷ್ಟು ದಿನಗಳಿಗಿಂತ ಹಳೆಯ ಜಂಕ್ ತಾನಾಗಿ ಅಳಿಯಲಿ ಎಂಬ ಆಯ್ಕೆ ಬಳಸುವುದಾದರೆ ದಿನಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಿ.

ಬಳಿಕ ಜಂಕ್ ಮೇಲ್ ಮೇಲೆ ‘ಜಂಕ್’ ಎಂದು ಗುರುತು ಹಾಕಿ, ತಪ್ಪಾಗಿ ಹೋದ ಒಳ್ಳೆಯ ಮೇಲ್‌ಗೆ ‘ನಾಟ್ ಜಂಕ್’ ಒತ್ತಿ. ಬರೀ ಡಿಲೀಟ್ ಮಾಡಿದರೆ ಫಿಲ್ಟರ್ ಏನೂ ಕಲಿಯುವುದಿಲ್ಲ.

ಅಸಲಿ ಯಾವುದು, ನಕಲಿ ಯಾವುದು?

ಭಾರತೀಯ ಬ್ಯಾಂಕುಗಳಿಗಾಗಿಯೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಡೊಮೇನ್ ತರಲಾಗಿದೆ. 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ವಿಳಾಸದ ಕೊನೆಯ ಭಾಗ ನೋಡಿ. ಈ ಪದಗಳು ನಡುವೆ ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ನಕಲಿ. ಕಳಿಸಿದವರ ಹೆಸರನ್ನೂ ವಿಳಾಸವನ್ನೂ ನಕಲು ಮಾಡಲು ಸಾಧ್ಯವಿರುವುದರಿಂದ ಮೇಲ್‌ನಲ್ಲಿರುವ ಲಿಂಕ್ ಒತ್ತದೆ ವಿಳಾಸವನ್ನು ನೀವೇ ಟೈಪ್ ಮಾಡಿ, ಇಲ್ಲವೇ ಶಾಖೆಗೆ ಹೋಗಿ ಕೇಳಿ.

‘ಅನ್‌ಸಬ್‌ಸ್ಕ್ರೈಬ್’ ಲಿಂಕ್ ಬಗ್ಗೆಯೂ ಒಂದು ಮಾತು. ನೀವೇ ಹೆಸರು ಕೊಟ್ಟ ಅಂಗಡಿ, ಕಂಪನಿಗಳಿಗೆ ಅದನ್ನು ಬಳಸಬಹುದು. ಅಪರಿಚಿತ ಸ್ಪ್ಯಾಮ್‌ನಲ್ಲಿ ಒತ್ತಿದರೆ ‘ಈ ವಿಳಾಸದಲ್ಲಿ ಜನ ಇದ್ದಾರೆ’ ಎಂದು ನೀವೇ ತಿಳಿಸಿದಂತಾಗುತ್ತದೆ.

ತೀರ್ಮಾನ

ಜಂಕ್ ಫೋಲ್ಡರ್ ನೋಡಬಾರದು ಎಂಬುದು ತಪ್ಪು. ವಾರಕ್ಕೊಮ್ಮೆ ನೋಡಲೇಬೇಕು, ಲಿಂಕ್ ಮಾತ್ರ ಒತ್ತಬಾರದು. ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ‘ನೋಡದೆಯೇ ಡಿಲೀಟ್ ಮಾಡಿ’ ಎಂಬ ಫಾರ್ವರ್ಡ್ ನಿಮ್ಮ ಕುಟುಂಬದ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಮನೆಯ ಹಿರಿಯರ ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕೂತು ಈ ಸೆಟ್ಟಿಂಗ್‌ಗಳನ್ನು ಸರಿಮಾಡಿ ಕೊಡಿ.