ಗಾಳಿಗೆ ಹಿಡಿದ ಗೋಣಿ

ನಮ್ಮೂರಿನಲ್ಲಿ ಮಾವಿನ ಮರ ಹತ್ತುವವನು ಒಬ್ಬ, ಕೆಳಗೆ ಗೋಣಿ ಹಿಡಿಯುವವರು ನಾಲ್ವರು. ಹಿಡಿಯುವವರು ಹೆಚ್ಚಾಗಿ ರಜೆಗೆ ಬಂದ ಮಕ್ಕಳು. ಎರಡು ಗೋಣಿಚೀಲ ಬಿಚ್ಚಿ ಜೋಡಿಸಿ ಹೊಲಿದ ಹಾಸು, ಮೂಲೆಗೊಬ್ಬರು. ಬಿಗಿಯಾಗಿ ಜಗ್ಗಿ ಹಿಡಿದರೆ ಕಾಯಿ ಪುಟಿದು ಹೋಗಿ ಅಂಗಳದ ಕಲ್ಲಿಗೆ ಬಡಿಯುತ್ತಿತ್ತು. ತೀರ ಜೋಲು ಬಿಟ್ಟರೆ ಗೋಣಿ ಸಮೇತ ನೆಲಕ್ಕೆ ಕುಕ್ಕುತ್ತಿತ್ತು. ‘ಅಷ್ಟು ಬಿಗಿ ಬೇಡ್ರೋ, ಒಂಚೂರು ಸಡಿಲ ಬಿಡಿ’ ಎಂದು ಅಜ್ಜ ಜಗಲಿಯಿಂದಲೇ ಕೂಗುತ್ತಿದ್ದರು. ಪೆಟ್ಟು ತಿಂದ ಕಾಯಿಯನ್ನು ಹಣ್ಣಿಗೆ ಹಾಕಿದರೆ ಹಣ್ಣಾಗುವ ಮೊದಲೇ ಕೊಳೆಯುತ್ತದಲ್ಲ, ಅವರ ಚಿಂತೆ ಅದು.

ಅಮೆರಿಕದ ಫ್ಲಾರಿಡಾದಲ್ಲಿ ಚಂಡಮಾರುತದ ಮುನ್ಸೂಚನೆ ಬಂದ ಕೂಡಲೇ ಕೆಲವರು ಮನೆಯ ಕಿಟಕಿಗಳ ಮುಂದೆ ಇಂಥದ್ದೇ ಒಂದು ಗೋಣಿ ಹಿಡಿಯುತ್ತಾರೆ. ನಾರು ಸೆಣಬಿನದಲ್ಲ, ಪ್ಲಾಸ್ಟಿಕ್ಕಿನದು. ಬೀಳುವುದು ಮಾವಿನಕಾಯಿಯಲ್ಲ, ಪಕ್ಕದ ಮನೆಯಿಂದ ಕಿತ್ತುಬಂದ ಜಂತಿ. ಆದರೆ ಎಷ್ಟು ಬಿಗಿ, ಎಷ್ಟು ಸಡಿಲ ಎಂಬ ಅಜ್ಜನ ಲೆಕ್ಕವೇ ಅಲ್ಲೂ ನಡೆಯುವುದು.

ಈ ಬಟ್ಟೆಯ ಕಥೆ ಶುರುವಾಗುವುದು 1992ರ ಆಗಸ್ಟ್ 24ರ ನಸುಕಿನಲ್ಲಿ. ಅಂದು ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿದ ‘ಆಂಡ್ರ್ಯೂ’ ಚಂಡಮಾರುತದ ಗಾಳಿಯ ವೇಗ ಗಂಟೆಗೆ ಸುಮಾರು 265 ಕಿಲೋಮೀಟರ್. 25 ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು, ಇನ್ನೂ ಒಂದು ಲಕ್ಷದಷ್ಟು ಜಖಂಗೊಂಡವು. ಆಮೇಲೆ ಎಂಜಿನಿಯರುಗಳು ಅವಶೇಷಗಳ ನಡುವೆ ಓಡಾಡಿ ನೋಡಿದಾಗ ಎಷ್ಟೋ ಮನೆಗಳಲ್ಲಿ ಗೋಡೆ ನಿಂತೇ ಇತ್ತು, ಮಾಡು ಮಾತ್ರ ಇರಲಿಲ್ಲ. ಮಾಡಿನ ಹಲಗೆಗೆ ಹೊಡೆದ ಪಿನ್ನುಗಳು ಕೆಲವೆಡೆ ಕೆಳಗಿನ ಮರಕ್ಕೆ ತಾಗಿಯೇ ಇರಲಿಲ್ಲ. ಅದು ಗುತ್ತಿಗೆದಾರರ ಪಾಪ. ಇನ್ನೊಂದು ಕಾರಣವಿತ್ತು, ಅದು ಭೌತಶಾಸ್ತ್ರದ್ದು: ಒಡೆದ ಕಿಟಕಿ.

ಕಿಟಕಿ ಒಡೆದರೆ ಮಾಡು ಯಾಕೆ ಹಾರಬೇಕು? ಗಾಳಿ ಮಾಡಿನ ಮೇಲೆ ಹಾದುಹೋಗುವಾಗ ಅದನ್ನು ಕೆಳಕ್ಕೆ ಒತ್ತುತ್ತದೆ ಎಂದೇ ನಾವು ಅಂದುಕೊಳ್ಳುವುದು. ಆಗುವುದು ಹೆಚ್ಚಾಗಿ ಉಲ್ಟಾ. ಇಳಿಜಾರು ಕಡಿಮೆಯಿದ್ದರೆ, ವೇಗವಾಗಿ ಹರಿಯುವ ಗಾಳಿ ಮಾಡನ್ನು ಮೇಲಕ್ಕೆ ಹೀರುತ್ತದೆ. ಅಂಚು, ಮೂಲೆಗಳಲ್ಲಂತೂ ಗಾಳಿ ಸುರುಳಿ ಸುತ್ತುವುದರಿಂದ ಸೆಳೆತ ಇನ್ನೂ ಜೋರು. ಬಾಗಿಲು ಕಿಟಕಿ ಭದ್ರವಾಗಿರುವ ತನಕ ಮುಖ್ಯವಾಗಿ ಈ ಹೊರಗಿನ ಸೆಳೆತವನ್ನೇ ಮಾಡು ತಾಳಬೇಕು. ಗಾಳಿಗೆ ಎದುರಾದ ಒಂದು ಕಿಟಕಿ ಒಡೆಯಿತೋ, ಒಳಗೆ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಮನೆಯೇ ಬಲೂನಿನಂತಾಗುತ್ತದೆ. ಮೇಲಿಂದ ಹೀರುವುದು, ಕೆಳಗಿಂದ ನೂಕುವುದು, ಎರಡೂ ಒಂದೇ ದಿಕ್ಕಿಗೆ.

ಲೆಕ್ಕ ಬೇಕೆಂದರೆ ನಮ್ಮದೇ ಭಾರತೀಯ ಮಾನಕ ಐಎಸ್ 875 ಇದೆ. ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ಗಾಳಿ ಎದುರಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು 150 ಕಿಲೋ ಭಾರದಷ್ಟು ಒತ್ತಡ ತರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಬಾಗಿಲು ಕಿಟಕಿ ಮುಚ್ಚಿರುವ ಮನೆಯೊಳಗೆ ಈ ಒತ್ತಡದ ಐದನೇ ಒಂದು ಭಾಗ ಮಾತ್ರ ಬರುತ್ತದೆಂದು ಮಾನಕ ಹೇಳುತ್ತದೆ. ದೊಡ್ಡ ಕಿಂಡಿ ತೆರೆದುಕೊಂಡರೆ ಹತ್ತರಲ್ಲಿ ಏಳು ಭಾಗ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಡಿಗೆ ಇದನ್ನು ಗುಣಿಸಿ ನೋಡಿ. ಒಳಗಿನಿಂದ ಮೇಲಕ್ಕೆ ನೂಕುವ ಬಲ ಮೂರು ಟನ್ನಿನಿಂದ ಹತ್ತು ಟನ್ನಿಗೆ ಏರುತ್ತದೆ. ಅಷ್ಟಕ್ಕೆ ಕಾರಣ ಒಂದು ಗಾಜು.

ಗಾಜನ್ನು ಒಡೆಯುವುದೂ ಹೆಚ್ಚಾಗಿ ಬರಿಯ ಗಾಳಿಯಲ್ಲ, ಗಾಳಿ ಹೊತ್ತು ತರುವ ಸಾಮಾನು: ಹೆಂಚು, ಕೊಂಬೆ, ಮರದ ತುಂಡು. ಆಂಡ್ರ್ಯೂ ಕಲಿಸಿದ ಈ ಪಾಠ 1994ರಲ್ಲಿ ದಕ್ಷಿಣ ಫ್ಲಾರಿಡಾದ ಕಟ್ಟಡ ನಿಯಮವಾಯಿತು. ಕಿಟಕಿಯ ರಕ್ಷಣೆಗೆಂದು ಏನನ್ನೇ ಮಾರುವುದಿದ್ದರೂ ಮೊದಲು ಅದು ಗುಂಡೇಟಿನ ಪರೀಕ್ಷೆ ಪಾಸಾಗಬೇಕು. ಗುಂಡು ಎಂದರೆ ನಾಲ್ಕು ಕಿಲೋ ತೂಕದ ಮರದ ರೀಪು. ಗಾಳಿ ತುಂಬಿದ ಫಿರಂಗಿಯಿಂದ ಅದನ್ನು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಏಟು ತಿಂದ ಮೇಲೂ ಬಿಡುವುದಿಲ್ಲ. ಬಿರುಗಾಳಿಯ ಏರಿಳಿತದಂತೆ ಒತ್ತಡವನ್ನು ಮತ್ತೆ ಮತ್ತೆ ಹಾಕಿ ತೆಗೆದು ನೋಡುತ್ತಾರೆ.

ಇಂಥ ಫಿರಂಗಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲೂ ಇದೆ. ಅದಿರುವ ಲಬಕ್ ಊರಿಗೆ 1970ರ ಮೇ 11ರಂದು ಸುಂಟರಗಾಳಿ ಬಡಿದು 26 ಮಂದಿ ಸತ್ತಿದ್ದರು. ಅಲ್ಲಿಯವರು ಸುಂಟರಗಾಳಿಯ ಆಸರೆ ಕೋಣೆಗಳನ್ನು ಪರೀಕ್ಷಿಸಲು ಸುಮಾರು ಏಳು ಕಿಲೋ ತೂಕದ ರೀಪನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದನ್ನು ತಡೆಯುವುದು ಬಟ್ಟೆಯ ಕೆಲಸವಲ್ಲ ಬಿಡಿ. ನಾವು ಚಂಡಮಾರುತದ ನಾಲ್ಕು ಕಿಲೋ ರೀಪಿಗೇ ಬರೋಣ.

ಅದರ ಏಟಿನ ಶಕ್ತಿ ಸುಮಾರು 475 ಜೂಲ್. ಎರಡು ಕಿಲೋ ತೂಗುವ ಸಿಪ್ಪೆಸಹಿತ ತೆಂಗಿನಕಾಯಿ ಎಂಟು ಮಹಡಿ ಎತ್ತರದಿಂದ ಬಿದ್ದಷ್ಟು. ಈ ಶಕ್ತಿಯನ್ನು ಯಾರಾದರೂ ನುಂಗಲೇಬೇಕು. ಒಂದೇ ಸೆಂಟಿಮೀಟರ್ ಬಾಗುವ ಗಡಸು ಹಲಗೆ ಇದನ್ನು ನಿಲ್ಲಿಸಬೇಕಾದರೆ ಸರಾಸರಿ ಐದು ಟನ್ನಿನ ಹತ್ತಿರದ ಬಲವನ್ನು ತಾಳಬೇಕು. ಮೂವತ್ತು ಸೆಂಟಿಮೀಟರ್ ಹಿಂದಕ್ಕೆ ಸರಿಯುವ ಬಟ್ಟೆಗೆ? 160 ಕಿಲೋ ಸಾಕು. ಶಕ್ತಿ ಅಷ್ಟೇ, ದೂರ ಮೂವತ್ತು ಪಟ್ಟು, ಬಲ ಮೂವತ್ತನೇ ಒಂದು ಪಾಲು. ಜಗಲಿಯಿಂದ ಕೂಗುತ್ತಿದ್ದ ಅಜ್ಜ ಜೂಲ್ ಎಂಬ ಹೆಸರು ಕೇಳಿರಲಿಲ್ಲ.

ಆಂಡ್ರ್ಯೂಗಿಂತ ಮುಂಚೆ ಫ್ಲಾರಿಡಾದವರು ಕಿಟಕಿಗೆ ಪ್ಲೈವುಡ್ ಬಡಿಯುತ್ತಿದ್ದರು, ಈಗಲೂ ಬಡಿಯುತ್ತಾರೆ. ಎತ್ತಲು ಇಬ್ಬರು ಬೇಕು, ಮನೆಯೊಳಗೆ ಹಗಲೇ ಕತ್ತಲು, ಆಮೇಲೆ ಇಡಲು ಜಾಗ ಹುಡುಕಬೇಕು. ಬಟ್ಟೆಯನ್ನಾದರೆ ಸುತ್ತಿ ಅಟ್ಟಕ್ಕೆ ಹಾಕಬಹುದು, ಮುದುಕರೂ ಕಟ್ಟಬಹುದು, ತುಸು ಬೆಳಕೂ ಬರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಇಂಥದ್ದೊಂದು ವಿನ್ಯಾಸದ ತಿರುಳೂ ಇದೇ: ಬಟ್ಟೆ ಗಾಜಿಗೆ ಅಂಟಿಕೊಂಡಿರಬಾರದು, ಬಾಗಲು ಜಾಗ ಬಿಟ್ಟು ದೂರ ನಿಲ್ಲಬೇಕು. ಎಷ್ಟು ದೂರ ಎನ್ನುವುದು ಬಟ್ಟೆ ಎಷ್ಟು ಹಿಗ್ಗುತ್ತದೆ ಎನ್ನುವುದರ ಮೇಲೆ ಹೋಗುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅದನ್ನು ಸೂರಿನಂಚಿನಿಂದ ನೆಲಕ್ಕೆ ಓರೆಯಾಗಿ ಇಳಿಬಿಡುತ್ತಾರೆ.

ಇನ್ನು ನೂಲಿನ ವಿಚಾರ. ಇದನ್ನು ಓದುವುದಕ್ಕಿಂತ ಮಾಡಿ ನೋಡುವುದು ವಾಸಿ. ಖಾಲಿ ಹಾಲಿನ ಪ್ಯಾಕೆಟ್ಟಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಮೊದಲು ಸಲೀಸಾಗಿ ಹಿಗ್ಗುತ್ತದೆ, ನಡು ಸಣ್ಣಗಾಗುತ್ತದೆ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಬಿಗಿದುಕೊಂಡು, ಇನ್ನೂ ಎಳೆದರೆ ಬೆರಳನ್ನೇ ಕೊಯ್ಯುವಷ್ಟು ಗಡಸಾಗುತ್ತದೆ. ಪಾಲಿಥೀನಿನ ಅಣುಗಳು ಉದ್ದುದ್ದ ಸರಪಳಿಗಳು. ಪ್ಯಾಕೆಟ್ಟಿನಲ್ಲಿ ಅವು ಬಟ್ಟಲಿನ ಶಾವಿಗೆಯಂತೆ ಸಿಕ್ಕುಸಿಕ್ಕಾಗಿರುತ್ತವೆ. ಎಳೆದಾಗ ಸಿಕ್ಕು ಬಿಚ್ಚಿ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಸಾಲುಗಟ್ಟಿದ ಮೇಲೆ ಎಳೆತವೆಲ್ಲ ಸರಪಳಿಯ ಕೊಂಡಿಗಳ ಮೇಲೆಯೇ ಬೀಳುತ್ತದೆ, ಆ ಕೊಂಡಿಗಳು ಸುಲಭಕ್ಕೆ ಕಡಿಯುವುದಿಲ್ಲ. ಗಟ್ಟಿ ನೂಲು ತಯಾರಿಸುವವರ ಗುಟ್ಟು ಹೆಚ್ಚುಕಡಿಮೆ ಇಷ್ಟೇ. ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲೂ ಹೀಗೆ ಎಳೆದ ಪಾಲಿಪ್ರೊಪಿಲೀನ್ ಪಟ್ಟಿಗಳನ್ನೇ ನೇಯ್ದಿರುತ್ತಾರೆ. ಬಿರುಗಾಳಿಯ ಬಟ್ಟೆಗಳಲ್ಲಿ ಕೆಲವು ಈ ಚೀಲದ ಜಾತಿಯವೇ, ನೂಲು ದಪ್ಪ, ನೇಯ್ಗೆ ದಟ್ಟ ಅಷ್ಟೆ. ಇನ್ನು ಕೆಲವು ಪಿವಿಸಿ ಲೇಪಿಸಿದ ಪಾಲಿಯೆಸ್ಟರ್.

ಗುಂಡನ್ನೇ ತಡೆಯುವ ಕೆವ್ಲಾರ್ ಇರುವಾಗ ಗೊಬ್ಬರದ ಚೀಲದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೆವ್ಲಾರಿನ ಹುಟ್ಟು ಸೊಗಸಾದ ಕಥೆ. ಡುಪಾಂಟ್ ಕಂಪನಿಯಲ್ಲಿದ್ದ ಸ್ಟೆಫನಿ ಕ್ವೋಲೆಕ್ ವೈದ್ಯಕೀಯ ಓದಿಗೆ ದುಡ್ಡು ಕೂಡಿಸಲೆಂದು ಕೆಲಸಕ್ಕೆ ಸೇರಿ, ರಸಾಯನದಲ್ಲೇ ಉಳಿದುಬಿಟ್ಟವರು. ನೂಲು ತೆಗೆಯುವ ಪಾಲಿಮರ್ ದ್ರಾವಣ ಸಾಮಾನ್ಯವಾಗಿ ಜೋನಿಬೆಲ್ಲದಂತೆ ಮಂದವಾಗಿ, ತಿಳಿಯಾಗಿರಬೇಕು. 1965ರಲ್ಲಿ ಅವರಿಗೆ ಸಿಕ್ಕಿದ್ದು ಮಜ್ಜಿಗೆಯಂತೆ ತೆಳ್ಳಗೆ, ಕದಡಿದಂತಿದ್ದ ದ್ರಾವಣ. ಬೇರೆ ಯಾರಾದರೂ ಚೆಲ್ಲುತ್ತಿದ್ದರು. ನೂಲುವ ಯಂತ್ರ ನೋಡಿಕೊಳ್ಳುತ್ತಿದ್ದವರು, ಇದರಲ್ಲಿ ಕಸ ಇರಬೇಕು, ಯಂತ್ರದ ಕಿರುತೂತು ಕಟ್ಟಿಕೊಳ್ಳುತ್ತದೆ ಎಂದು ಮೊದಲು ಒಪ್ಪಲೇ ಇಲ್ಲ. ಕ್ವೋಲೆಕ್ ಪಟ್ಟು ಬಿಡಲಿಲ್ಲ. ಬಂದ ಎಳೆ ಅದೇ ತೂಕದ ಉಕ್ಕಿಗಿಂತ ಐದು ಪಟ್ಟು ಗಟ್ಟಿ. ಆ ಕದಡು ಕಸವಾಗಿರಲಿಲ್ಲ. ಅಣುಗಳು ದ್ರಾವಣದಲ್ಲೇ ಸಾಲುಗಟ್ಟಿ ನಿಂತಿದ್ದವು.

ಆದರೂ ಕಿಟಕಿಗೆ ಕೆವ್ಲಾರ್ ಒಗ್ಗುವುದಿಲ್ಲ. ಬೆಲೆ ಒಂದು ಕಾರಣ. ಬಿಸಿಲು ಇನ್ನೊಂದು, ಅತಿನೇರಳೆ ಕಿರಣಕ್ಕೆ ಅದು ಬಲಗುಂದುತ್ತದೆ. ನನಗೆ ಮುಖ್ಯವೆನಿಸುವುದು ಮೂರನೆಯದು: ಅದು ಹಿಗ್ಗುವುದಿಲ್ಲ. ನೂರಕ್ಕೆ ಮೂರು ನಾಲ್ಕು ಪಾಲು ಹಿಗ್ಗಿದರೆ ಕಡಿಯಿತು. ನೈಲಾನ್ ಅದರ ನಾಲ್ಕೈದು ಪಟ್ಟು ಹಿಗ್ಗಿ, ಹಿಗ್ಗುತ್ತ ಹಿಗ್ಗುತ್ತ ಏಟನ್ನು ನುಂಗುತ್ತದೆ. ಗಟ್ಟಿತನ ಬೇರೆ, ತಾಳಿಕೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅಂಗಡಿಯಲ್ಲಿ ‘ಉಕ್ಕಿಗಿಂತ ಗಟ್ಟಿ’ ಎಂಬ ಮಾತಿಗೆ ನಾವು ಜೇಬು ಬಿಚ್ಚುವುದು. ಪಾಲಿಪ್ರೊಪಿಲೀನಿಗೂ ಬಿಸಿಲು ಆಗದು, ಅಂಗಳದಲ್ಲಿ ಬಿದ್ದ ಗೊಬ್ಬರದ ಚೀಲ ವರ್ಷ ಕಳೆಯುವುದರೊಳಗೆ ಹಪ್ಪಳದಂತೆ ಪುಡಿಯಾಗುವುದು ಎಲ್ಲರೂ ಕಂಡದ್ದೇ. ಅದಕ್ಕೆ ಮಸಿಪುಡಿ, ಬಿಸಿಲುನಿರೋಧಕ ರಾಸಾಯನಿಕ ಬೆರೆಸಿ ಆಯುಷ್ಯ ಹೆಚ್ಚಿಸುತ್ತಾರೆ. ಗಾಳಿ ಬಂದಾಗ ಮಾತ್ರ ಕಟ್ಟಿ ಉಳಿದ ದಿನ ಅಟ್ಟದಲ್ಲಿಟ್ಟರೆ ಇನ್ನೂ ಒಳ್ಳೆಯದು.

ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೋಲುವುದು ಅಂಚಿನಲ್ಲಿ. ಮದುವೆಮನೆಯ ಶಾಮಿಯಾನ ಗಾಳಿಗೆ ಬಿದ್ದದ್ದನ್ನು ನೋಡಿದ್ದೀರಾ? ನಮ್ಮ ಮನೆಯ ಮದುವೆಯೊಂದರಲ್ಲಿ ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಗಾಳಿ ಎದ್ದಿತು. ಬಟ್ಟೆ ಒಂದಿಂಚೂ ಹರಿಯಲಿಲ್ಲ. ಮೂಲೆಯ ಎರಡು ಗೂಟ ಕಿತ್ತವು, ಹಗ್ಗ ಪೋಣಿಸಿದ ಹಿತ್ತಾಳೆಯ ಕಣ್ಣು ಕಿತ್ತುಬಂದು ಸಾರಿನ ಹಂಡೆಗೆ ಬಿತ್ತು. ಬಿರುಗಾಳಿಯ ಬಟ್ಟೆಗೂ ಇದೇ ಕಾಟ. ಎರಡೂವರೆ ಮೀಟರ್ ಅಗಲದ ಬಟ್ಟೆ ಗಂಟೆಗೆ 180 ಕಿಲೋಮೀಟರ್ ಗಾಳಿಗೆ ಮೂವತ್ತು ಸೆಂಟಿಮೀಟರ್ ಉಬ್ಬಿ ನಿಂತರೆ ಅದರ ಅಂಚಿನ ಪ್ರತಿ ಮೀಟರಿನ ಮೇಲೂ 400 ಕಿಲೋದಷ್ಟು ಎಳೆತ. ಬಿಗಿಯಾಗಿ ಕಟ್ಟಿ ಉಬ್ಬನ್ನು ಅರ್ಧ ಮಾಡಿದರೆ ಎಳೆತ ಇಮ್ಮಡಿ. ಇಲ್ಲೂ ಸಡಿಲಿಕೆಯೇ ಕಾಪಾಡುವುದು. ಹೀಗಾಗಿ ಬಟ್ಟೆಯಷ್ಟೇ ಗಮನ ಅದರ ಕಣ್ಣಿಗೆ, ಕಟ್ಟುಪಟ್ಟಿಗೆ, ಗೋಡೆಯೊಳಗೆ ಕೂರಿಸುವ ಬೋಲ್ಟಿಗೆ ಬೇಕು.

2024ರ ಅಕ್ಟೋಬರಿನಲ್ಲಿ ‘ಮಿಲ್ಟನ್’ ಚಂಡಮಾರುತ ಬರುವ ಮುನ್ನ ಒರ್ಲ್ಯಾಂಡೊ ಬಳಿಯ ಒಬ್ಬರು ಇಡೀ ಮನೆಗೆ, ಲಾರಿಯ ಸರಕಿಗೆ ಬಿಗಿಯುವಂಥ ಹಳದಿ ಪಟ್ಟಿಗಳನ್ನು ಮಾಡಿನ ಮೇಲಿಂದ ಹಾಯಿಸಿ ಕಟ್ಟಿದ್ದರು. ಫೋಟೋ ನೋಡಿ ಲೋಕವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಪಟ್ಟಿಯ ತುದಿಗಳನ್ನು ಅವರು ನೆಲದೊಳಗಿನ ಕಾಂಕ್ರೀಟಿಗೆ ಬಂಧಿಸಿದ್ದರು. ಮನೆ ಉಳಿಯಿತು. ಪಟ್ಟಿಯಿಂದಲೇ ಉಳಿಯಿತೆಂದು ಹೇಳಲು ಮಾತ್ರ ಬಾರದು, ಕರಾವಳಿಯಿಂದ ದೂರದ ಒರ್ಲ್ಯಾಂಡೊಗೆ ಗಾಳಿಯ ಪೂರ್ಣ ರಭಸ ತಟ್ಟಲೇ ಇಲ್ಲ.

ಮನೆಯ ಮುಂದೆ ಪರದೆ ಕಟ್ಟುವುದು ನಮಗೇನೂ ಹೊಸದಲ್ಲ. ಮಲೆನಾಡಿನಲ್ಲಿ ಮಳೆಗಾಲದ ಎರಚಲು ಜಗಲಿಗೆ ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಆ ಜಾಗದಲ್ಲಿ ಹಸಿರು ಶೇಡ್‌ನೆಟ್ ಬಂದಿದೆ. ತಟ್ಟಿಯ ಸಂದಿಯಿಂದ ಅಷ್ಟಿಷ್ಟು ಗಾಳಿ ನುಸುಳುತ್ತಿತ್ತು, ಅದರಿಂದಲೇ ಅದು ಹಾರುತ್ತಿರಲಿಲ್ಲ. ಫ್ಲಾರಿಡಾದ ಕೆಲವು ಬಟ್ಟೆಗಳಲ್ಲೂ ಗಾಳಿ ಸೋಸಿಹೋಗುವಂತೆ ಬೇಕೆಂದೇ ಸಣ್ಣ ಕಿಂಡಿ ಬಿಟ್ಟಿರುತ್ತಾರೆ. ತಟ್ಟಿ ತಡೆಯುತ್ತಿದ್ದದ್ದು ಮಳೆಯನ್ನು, ಜಂತಿಯನ್ನಲ್ಲ ಎಂಬ ವ್ಯತ್ಯಾಸ ಇದ್ದೇ ಇದೆ.

ಹಾಗೆಂದು ಈ ಬಟ್ಟೆಯನ್ನು ನಾಳೆಯೇ ನಮ್ಮ ಕರಾವಳಿಗೆ ತರಿಸಿ ಎನ್ನಲಾರೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋದಾಗ ಇಲ್ಲಿ ಮನೆ ಕೆಡವಿದ್ದರಲ್ಲಿ ಕಡಲಿನ ಅಲೆಗಳದ್ದೂ ದೊಡ್ಡ ಪಾಲು. ಅಲೆಗೆ ಬಟ್ಟೆ ಅಡ್ಡಬಾರದು. ನಮ್ಮಲ್ಲಿ ವರ್ಷವರ್ಷವೂ ಮಾಡು ಹಾರುವುದು ಚಂಡಮಾರುತಕ್ಕಲ್ಲ, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಜೊತೆ ಹತ್ತೇ ನಿಮಿಷ ಬೀಸಿ ಹೋಗುವ ಗಾಳಿಗೆ. ಹಾರುವುದು ತಗಡಿನ ಶೀಟು. ಅದು ಮೊದಲು ಎದ್ದುಕೊಳ್ಳುವುದು, ಸೆಳೆತ ಅತಿ ಹೆಚ್ಚಿರುವ ಅಂಚಿನಲ್ಲಿ, ಮೂಲೆಯಲ್ಲಿ.

ಆದ್ದರಿಂದ ಮನೆಗೋ ಕೊಟ್ಟಿಗೆಗೋ ಶೀಟು ಹೊದಿಸುವಾಗ ಅಂಚಿನ ಸಾಲಿಗೆ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹಾಕಿಸಿ. ಹಳೆಯ ಮಾಡಾದರೆ ಯುಗಾದಿ ಕಳೆದ ಮೇಲೆ ಒಮ್ಮೆ ಏಣಿ ಇಟ್ಟು ಹತ್ತಿಸಿ, ಜೆ-ಹುಕ್ಕಿನ ನಟ್ಟು ಸಡಿಲವಾಗಿದೆಯೇ, ರಬ್ಬರ್ ವಾಷರ್ ಬಿರಿದಿದೆಯೇ ನೋಡಿಸಿ. ಗಾಳಿ ಎದ್ದಾಗ ಅದು ಬರುವ ದಿಕ್ಕಿನ ಬಾಗಿಲು ಕಿಟಕಿಗಳಿಗೆ ಮೊದಲು ಚಿಲಕ ಹಾಕಿ.