ಮಾರಿದ ಮೇಲೆ ಮರುಗುವುದು

ಮನೆಯಲ್ಲಿ ಒಂದು ಪದಾರ್ಥವಿರುವವರೆಗೆ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಅದು ಹೊಸಿಲು ದಾಟಿದ ಮೇಲೆ ತಿಳಿಯುತ್ತದೆ. ಅಜ್ಜಿಯ ಕಾಲದ ಕಂಚಿನ ಪಾತ್ರೆಯನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆಗಳನ್ನು ಕೊಂಡ ಗೃಹಿಣಿಯರಿಗೆ ಈ ಅನುಭವವು ಹೊಸದಲ್ಲ. ಹವ್ಯಾಸಿ ರೇಡಿಯೋದವರಲ್ಲಂತೂ ಈ ವ್ಯಥೆಯು ವಿಶೇಷವಾಗಿ ಕಂಡುಬರುತ್ತದೆ. ಇಬ್ಬರು ಹಳೆಯ ಹವ್ಯಾಸಿಗಳು ಒಂದೆಡೆ ಕಲೆತರೆ, ಕುಶಲಪ್ರಶ್ನೆ ಮುಗಿದೊಡನೆ ಮಾತು ತಾವು ಎಂದೋ ಮಾರಿಬಿಟ್ಟ ಯಂತ್ರದ ಕಡೆಗೆ ತಿರುಗುವುದನ್ನು ನಾವು ಅನೇಕ ಸಲ ಕಂಡಿದ್ದೇವೆ.

ಈ ಹವ್ಯಾಸದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಪರವಾನಗಿಯನ್ನೂ ತನ್ನದೇ ಆದ ಒಂದು ಸಂಕೇತನಾಮವನ್ನೂ ಪಡೆದು, ಮನೆಯಿಂದಲೇ ರೇಡಿಯೋ ಅಲೆಗಳ ಮೂಲಕ ದೂರದ ಊರುಗಳ, ದೂರದ ದೇಶಗಳ ಸಮಾನಾಸಕ್ತರೊಡನೆ ಸಂಭಾಷಿಸುವವನೇ ಹವ್ಯಾಸಿ. ಇದರಲ್ಲಿ ಧನಲಾಭಕ್ಕೆ ಎಡೆಯಿಲ್ಲ. ನಮ್ಮ ದೇಶದಲ್ಲಿ 1921ರಷ್ಟು ಹಿಂದೆಯೇ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತರು ಈ ಕಾರ್ಯಕ್ಕೆ ಕೈಹಾಕಿದ್ದರು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ನಡೆಸಿದುದು ಕನ್ನಡಿಗರಿಗೆ ತಿಳಿದ ಸಂಗತಿ. ಅವರದು ಹಾಡು ಮಾತುಗಳ ಪ್ರಸಾರಕೇಂದ್ರವಾಗಿದ್ದರೂ, ಒಂದು ಮನೆಯ ಕೋಣೆಯಿಂದ ಎಂತಹ ಕೆಲಸವಾಗಬಹುದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

1939ರಲ್ಲಿ ಮಹಾಯುದ್ಧವು ಪ್ರಾರಂಭವಾದಾಗ ಹವ್ಯಾಸಿಗಳ ಬಾಯಿ ಕಟ್ಟಿತು. ಅವರು ಯಂತ್ರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಆದರೆ 1945ರಲ್ಲಿ ಯುದ್ಧ ಮುಗಿದೊಡನೆ ಸೈನ್ಯಕ್ಕೆ ಬೇಡವಾದ ರೇಡಿಯೋ ಸಾಮಗ್ರಿಯು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಹೊರಬಿದ್ದಿತು. ಬಿ.ಸಿ. 348 ಎಂಬ ಗ್ರಾಹಕಯಂತ್ರವು ಅವುಗಳಲ್ಲಿ ಒಂದು. ಬಿ-17, ಬಿ-24 ಮೊದಲಾದ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಇದನ್ನು ಉಪಯೋಗಿಸುತ್ತಿದ್ದರು. ವಿಮಾನದ 28 ವೋಲ್ಟು ವಿದ್ಯುತ್ತಿನಿಂದ ನಡೆಯುತ್ತಿದ್ದ ಈ ಪೆಟ್ಟಿಗೆಗೆ ಹವ್ಯಾಸಿಗಳು ಮನೆಯ ವಿದ್ಯುತ್ತಿಗೆ ಹೊಂದುವ ಬೇರೊಂದು ಭಾಗವನ್ನು ತಾವೇ ಕಟ್ಟಿ ಜೋಡಿಸಿ, ವರ್ಷಗಟ್ಟಲೆ ಅದರ ಮುಂದೆ ಕುಳಿತು ಕೇಳಿದರು.

ನಮಗೂ ಅಂತಹ ಪೆಟ್ಟಿಗೆಯೊಂದು ದೊರೆತಿತ್ತು. ಕೊಟ್ಟವರು ವೃದ್ಧರಾದ ಒಬ್ಬ ಹವ್ಯಾಸಿಗಳು. ಡಯಲಿನ ಯಾವ ಗುರುತಿನಲ್ಲಿ ಯಾವ ಕೇಂದ್ರ ಸಿಕ್ಕುವುದೆಂಬುದನ್ನು ಅವರು ತಮ್ಮ ಮುದ್ದಾದ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು ಮುಚ್ಚಳದ ಒಳಭಾಗಕ್ಕೆ ಅಂಟಿಸಿದ್ದರು. ಬೆಳಗಿನ ಜಾವದಲ್ಲಿ ವಾಲ್ವುಗಳು ಬಿಸಿಯೇರಿ, ಬೆಚ್ಚಗಾದ ಧೂಳಿನ ವಾಸನೆಯೊಡನೆ ಮೋರ್ಸ್ ಸಂಕೇತಗಳು ಒಂದೊಂದಾಗಿ ಕೇಳಿಬರುತ್ತಿದ್ದ ಆ ಸುಖವನ್ನು ವರ್ಣಿಸುವುದು ಕಷ್ಟ.

1985ರಲ್ಲಿ ಜಪಾನಿನ ಹೊಸ ಯಂತ್ರವೊಂದು ನಮ್ಮ ಮೇಜಿಗೆ ಬಂದಿತು. ಸ್ಥಳವಿಲ್ಲವೆಂಬ ನೆಪದಿಂದ ಹಳೆಯದನ್ನು ಮಾರಲು ಹೊರಟೆವು. ಆಗ ನಮ್ಮ ಮನೆಯಾಕೆ, "ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೆ?" ಎಂದಳು. ಹೊಸದರ ಮೋಹದಲ್ಲಿ ಆ ಮಾತು ನಮಗೆ ರುಚಿಸಲಿಲ್ಲ. ತರುಣನೊಬ್ಬನು ಬಂದು ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದನು. ಬಂದ ಹಣವೆಷ್ಟೆಂದು ಹೇಳಲು ಈಗಲೂ ಸಂಕೋಚವಾಗುತ್ತದೆ. ಎರಡು ವರ್ಷಗಳ ಬಳಿಕ, ವಿಚಾರಿಸಿಕೊಂಡು ಅವನ ಮನೆಗೆ ಹೋದೆವು. ಅವನು ತನಗೆ ಬೇಕಾದ ಡಯಲನ್ನೂ ಕಂಡೆನ್ಸರನ್ನೂ ಬಿಚ್ಚಿಕೊಂಡು ಮಿಕ್ಕುದನ್ನು ಗುಜರಿಯವನಿಗೆ ಕೊಟ್ಟಿದ್ದನು. ಅವನದು ತಪ್ಪೆಂದು ನಾವು ಹೇಳಲಾರೆವು. ಆ ಚೀಟಿಯು ಯಾರದೆಂದು ನಾವು ಅವನಿಗೆ ತಿಳಿಸಿಯೇ ಇರಲಿಲ್ಲ. ಅದನ್ನು ಬರೆದ ಹಿರಿಯರು ಆ ವೇಳೆಗೆ ತೀರಿಕೊಂಡಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಕೊಂಡುತಂದ ಯಂತ್ರಕ್ಕೇ ಇಷ್ಟು ಮರುಕವಾದರೆ, ಸ್ವಂತ ಕೈಯಿಂದ ಕಟ್ಟಿದ ಯಂತ್ರವನ್ನು ಮಾರಿದವರ ಪಾಡೇನು? ಅಮೆರಿಕದಲ್ಲಿ ಇಂತಹವರ ಸಂಖ್ಯೆ ಬಹಳ. ಅಲ್ಲಿಯ ಮಿಚಿಗನ್ ಸಂಸ್ಥಾನದ ಬೆಂಟನ್ ಹಾರ್ಬರ್ ಊರಿನ ಹೀತ್ ಕಂಪೆನಿಯು ಮೊದಲು ಸಣ್ಣ ವಿಮಾನಗಳ ಬಿಡಿಭಾಗಗಳನ್ನು ಮಾರುತ್ತಿದ್ದು, ಯುದ್ಧಾನಂತರ ಮಿಕ್ಕ ಸಾಮಗ್ರಿಯನ್ನು ಕೊಂಡು, 1947ರಲ್ಲಿ 50 ಡಾಲರಿಗೂ ಕಡಿಮೆ ಬೆಲೆಗೆ ಆಸಿಲೋಸ್ಕೋಪ್ ಎಂಬ ಪರೀಕ್ಷಕ ಯಂತ್ರದ ಬಿಡಿಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿತು. ಕೊಂಡವನೇ ಮನೆಯಲ್ಲಿ ಅದನ್ನು ಕಟ್ಟಿಕೊಳ್ಳಬೇಕು. ಕ್ರಮೇಣ ಹವ್ಯಾಸಿಗಳ ಯಂತ್ರಗಳೂ ಹೀಗೆಯೇ ಬಂದವು. 1970ರಲ್ಲಿ ಹೊರಬಂದ ಎಚ್.ಡಬ್ಲ್ಯು. 101 ಎಂಬ ಯಂತ್ರದ ಬೆಲೆ 250 ಡಾಲರಿನ ಒಳಗಿತ್ತು. ಈ ಯಂತ್ರಗಳ ಕೈಪಿಡಿಯಲ್ಲಿ ಪ್ರತಿಯೊಂದು ತಂತಿಗೂ, ಪ್ರತಿಯೊಂದು ಬೆಸುಗೆಗೂ ಒಂದೊಂದು ಸೂಚನೆ. ಸೂಚನೆಯ ಪಕ್ಕದಲ್ಲಿ ಗುರುತು ಹಾಕಲು ಒಂದು ಖಾಲಿ ಜಾಗ. ರಂಗೋಲಿಯ ಚುಕ್ಕೆಗಳನ್ನು ಸೇರಿಸುವಂತೆ ಒಂದೊಂದಾಗಿ ಮುಗಿಸುತ್ತ ಹೋದರೆ, ಎಷ್ಟೋ ರಾತ್ರಿಗಳ ಬಳಿಕ ಮೇಜಿನ ಮೇಲೆ ಜೀವವುಳ್ಳ ಯಂತ್ರವೊಂದು ನಿಲ್ಲುತ್ತಿತ್ತು. ಎಷ್ಟೋ ಮನೆಗಳಲ್ಲಿ ತಂದೆ ಮಕ್ಕಳು ಕೂಡಿ ಇವನ್ನು ಕಟ್ಟಿದರು.

ಅನಂತರ ಕಾಲ ತಿರುಗಿತು. ವಾಲ್ವುಗಳ ಸ್ಥಾನಕ್ಕೆ ಟ್ರಾನ್ಸಿಸ್ಟರುಗಳೂ, ಬೆರಳಿಗೆ ಸಿಕ್ಕದಷ್ಟು ಸೂಕ್ಷ್ಮವಾದ ಭಾಗಗಳೂ ಬಂದವು. ಕಾರ್ಖಾನೆಯಲ್ಲಿ ಯಂತ್ರವೇ ಜೋಡಿಸಿದ ಸಿದ್ಧವಸ್ತುವು ಕೈಯಲ್ಲಿ ಕಟ್ಟುವುದಕ್ಕಿಂತ ಅಗ್ಗವಾಯಿತು. ತರುಣರ ಮನಸ್ಸು ಗಣಕಯಂತ್ರದ ಕಡೆ ಹರಿಯಿತು. 1992ರಲ್ಲಿ ಆ ಕಂಪೆನಿಯು ಬಿಡಿಭಾಗಗಳ ಪೆಟ್ಟಿಗೆಗಳ ವ್ಯಾಪಾರವನ್ನೇ ನಿಲ್ಲಿಸಿತು. ಆ ಹೆಸರು ಅನಂತರ ಮರಳಿ ಬಂದರೂ ಅಂದಿನ ಯಂತ್ರಗಳು ಮರಳಿ ಬರಲಿಲ್ಲ.

ಅಯೋವ ಸಂಸ್ಥಾನದ ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ ಆರ್ಥರ್ ಕಾಲಿನ್ಸರು 1933ರಲ್ಲಿ ಸ್ಥಾಪಿಸಿದ ಕಂಪೆನಿಯ ಕಥೆ ಇನ್ನೊಂದು ಬಗೆ. 1958ರಲ್ಲಿ ಆರಂಭವಾದ ಅವರ 'ಎಸ್' ಶ್ರೇಣಿಯ ಯಂತ್ರಗಳು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವಂಥವಾಗಿರಲಿಲ್ಲ. ಅವುಗಳ ಡಯಲಿನ ನಿಖರತೆಯು ಮನೆಮಾತಾಗಿತ್ತು. ಅವು ನಿಂತುಹೋದ ಬಳಿಕ ಈಗ ಸಂಗ್ರಾಹಕರು ಮುಂಭಾಗದ ಲಾಂಛನವು ರೆಕ್ಕೆಯುಳ್ಳದ್ದೋ ದುಂಡಗಿರುವುದೋ ಎಂಬುದನ್ನೂ ನೋಡಿ ಕೊಳ್ಳುತ್ತಾರೆ. ಒಂದು ಕಾಲದಲ್ಲಿ ಹಳತೆಂದು ಮಾರಿದವರೇ ಇಂದು ಹೆಚ್ಚು ಹಣ ತೆತ್ತು ಅಂಥದನ್ನೇ ಹುಡುಕುವುದುಂಟು.

ಹಾಗಾದರೆ ಯಾವುದನ್ನೂ ಮಾರಲೇಬಾರದೆ? ಹಾಗೆಂದು ನಮ್ಮ ಅಭಿಪ್ರಾಯವಲ್ಲ. ಮಗಳ ಮದುವೆಗಾಗಿಯೋ, ಮನೆಯವರ ಔಷಧೋಪಚಾರಕ್ಕಾಗಿಯೋ ಮಾರಿದವನು ಮರುಗಬೇಕಾಗಿಲ್ಲ. ಯಂತ್ರವು ತನ್ನ ಋಣವನ್ನು ತೀರಿಸಿತೆಂದು ತಿಳಿಯಬೇಕು. ಉರಿಯುವ ಮರುಕವು ಹೊಸದರ ಮೋಹಕ್ಕಾಗಿ ಮಾರಿದವನದು. ನಾವೂ ಕೆಲವು ವರ್ಷಗಳ ಹಿಂದೆ ಇನ್ನೊಂದು ಬಿ.ಸಿ. 348ನ್ನು ಸಂಪಾದಿಸಿದೆವು. ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಮುಚ್ಚಳ ತೆರೆದರೆ ಒಳಗೆ ಚೀಟಿಯಿಲ್ಲ.

ಆದುದರಿಂದ ನಮ್ಮ ಅನುಭವದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ. ಹೊಸ ಯಂತ್ರ ಬಂದ ವಾರದಲ್ಲಿಯೇ ಹಳೆಯದನ್ನು ಮಾರಬಾರದು. ಒಂದು ವರ್ಷ ಎರಡನ್ನೂ ಬಳಸಿ ನೋಡಬೇಕು. ಮಾರಲೇಬೇಕಾದರೆ ಅದರ ಕೈಪಿಡಿ, ನಕ್ಷೆ, ದುರಸ್ತಿಯ ಟಿಪ್ಪಣಿಗಳನ್ನು ಜೊತೆಗೆ ಕೊಟ್ಟು, ಅದು ಯಾರಿಂದ ಬಂತು, ಏನೇನು ಕೆಲಸ ಮಾಡಿತು ಎಂಬುದನ್ನು ಕೊಳ್ಳುವವನಿಗೆ ಹೇಳಬೇಕು. ಪ್ರೇಷಕಯಂತ್ರವನ್ನಂತೂ ಪರವಾನಗಿಯುಳ್ಳ ಹವ್ಯಾಸಿಗೇ ಕೊಡತಕ್ಕದ್ದು.

ಮನೆಯ ಹಿರಿಯರು ಕಾಲವಾದ ಬಳಿಕ ಅವರ ಕೋಣೆಯಲ್ಲಿ ಇಂತಹ ಪೆಟ್ಟಿಗೆಗಳು ಉಳಿದಿದ್ದರೆ, ಗೃಹಿಣಿಯರು ಅವನ್ನು ಅವಸರದಿಂದ ತೂಕಕ್ಕೆ ಹಾಕಬಾರದು. ಹಲವು ವರ್ಷ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಕೊಟ್ಟರೆ ಒಳಗಿನ ಕಂಡೆನ್ಸರುಗಳು ಕೆಟ್ಟು ಅನಾಹುತವಾಗಬಹುದು. ವಾಲ್ವುಗಳ ಯಂತ್ರದಲ್ಲಿ ಪ್ರಾಣಾಪಾಯ ತರುವಷ್ಟು ವೋಲ್ಟು ಇರುವುದರಿಂದ ತಿಳಿಯದವರು ಅದನ್ನು ತೆರೆಯಲೂ ಬಾರದು. ಹಿರಿಯರ ಹವ್ಯಾಸಿ ಮಿತ್ರರೊಬ್ಬರನ್ನು ಕರೆಸಿ ತೋರಿಸುವುದೇ ಲೇಸು. ಇಡಲು ಸ್ಥಳವಿದ್ದರೆ ಒಂದನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳುವುದು ಮತ್ತೂ ಲೇಸು. ಅದು ಅನ್ನ ಕೇಳುವುದಿಲ್ಲ. ನಮ್ಮ ಮನೆಯಾಕೆಯ ಆ ಮಾತನ್ನು ನಾವು ಅಂದೇ ಕೇಳಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.